ಎಲ್ಲ ಪೆಟ್ಟಿಗೆಗಳೂ ಒಮ್ಮೆಗೇ ಎಚ್ಚರಾದರೆ

ಮುಧೋಳ ತಾಲೂಕಿನ ನಮ್ಮೂರಲ್ಲಿ ರಾತ್ರಿ ಪಾಳಿಯ ತ್ರೀ ಫೇಸ್ ಕರೆಂಟು ಬಂದದ್ದು ಮೊದಲು ಗೊತ್ತಾಗುವುದು ಕಿವಿಗೆ. ತೋಟದ ಮನೆಯ ಕಟ್ಟೆಯ ಮೇಲೆ ಅಡ್ಡಾಗಿದ್ದರೆ ದೂರದ ಟೀಸಿ, ಅಂದರೆ ಕಂಬದ ಮೇಲಿನ ಟ್ರಾನ್ಸ್‌ಫಾರ್ಮರ್, ಸಣ್ಣಗೆ ಗುಂಯ್‌ಗುಡುತ್ತದೆ. ಅಲ್ಲಿಂದ ಹತ್ತು ಎಣಿಸಬೇಕು. ಮೋಟಾರನ್ನು ತಾನಾಗಿ ಶುರುಮಾಡುವ ನಮ್ಮ ಬಾವಿಯ ಆಟೋ ಸ್ಟಾರ್ಟರ್ ಪೆಟ್ಟಿಗೆಯೊಳಗೆ ಕಾಂಟ್ಯಾಕ್ಟರ್ ಎಂಬ ಸ್ವಿಚ್ಚು ‘ಟಕ್’ ಎಂದು ಬೀಳುತ್ತದೆ. ಪಕ್ಕದ ಹೊಲದ್ದು ಟಕ್, ಹಳ್ಳದಾಚೆಯದು ಟಕ್. ಬೇರೆ ಬೇರೆ ಬರೆಯುತ್ತಿದ್ದೇನೆ, ಕೇಳುವುದು ಮಾತ್ರ ಒಂದೇ ಟಕ್. ಕೂಡಲೇ ಕಟ್ಟೆಯ ಮೇಲಿನ ಬಲ್ಬು ಕುಗ್ಗಿ ಕೆಂಪು ತಂತಿಯಷ್ಟೇ ಉಳಿಯುತ್ತದೆ. ಮೂರ್ನಾಲ್ಕು ಉಸಿರಿನೊಳಗೆ ಮೋಟಾರುಗಳು ವೇಗ ಹಿಡಿದು ಬಲ್ಬು ಮತ್ತೆ ಬೆಳ್ಳಗಾದರೆ ಆ ರಾತ್ರಿ ಕಬ್ಬಿಗೆ ನೀರು. ಎರಡು ವರ್ಷದ ಹಿಂದೆ, ಮಾರ್ಚ್ ತಿಂಗಳ ಒಂದು ರಾತ್ರಿ ಅದು ಬೆಳ್ಳಗಾಗಲಿಲ್ಲ. ಟೀಸಿ ಇದ್ದ ಕಡೆಯಿಂದ ಢಬ್ ಎಂಬ ಸದ್ದು, ಸುಟ್ಟ ಎಣ್ಣೆಯ ವಾಸನೆ, ಆಮೇಲೆ ಬರೀ ಜೀರುಂಡೆ.

ಮರುದಿನ ಬಂದ ಲೈನ್‌ಮನ್ ಕಂಬದ ಬುಡದಲ್ಲಿ ಚೆಲ್ಲಿದ ಎಣ್ಣೆ ನೋಡಿ, ‘ಒಂದ ತಾಟಿಗೆ ಹತ್ತು ಮಂದಿ ಒಮ್ಮಿಗೇ ಕೈ ಹಾಕಿದ್ರ ತಾಟ ಉಳಿತೈತೇನ್ರಿ?’ ಎಂದ. ಹೊಸ ಟೀಸಿ ಬರುವ ಹೊತ್ತಿಗೆ ಹನ್ನೊಂದು ದಿನ ಕಳೆದು ಕಬ್ಬಿನ ಸುಳಿ ಒಣಗಿತ್ತು. ಅಪ್ಪ ಬೈದದ್ದು ಕರೆಂಟಿನವರನ್ನು. ನನಗೆ ಅನುಮಾನ ಬಂದದ್ದು ಪೆಟ್ಟಿಗೆಯ ಮೇಲೆ.

ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಯಂತ್ರಗಳ ಕಂಟ್ರೋಲ್ ಪ್ಯಾನೆಲ್‌ಗೆ ಪ್ರೋಗ್ರಾಂ ಬರೆದು ಹೊಟ್ಟೆ ಹೊರೆಯುವವನು. ನಮ್ಮ ಕಸುಬಿನಲ್ಲಿ ಈಗ ಎಲ್ಲಿ ಹೋದರೂ ಒಂದೇ ಜಪ: ಯಂತ್ರ ತನ್ನನ್ನು ತಾನೇ ನೋಡಿಕೊಳ್ಳಬೇಕು, ಕೆಟ್ಟರೆ ತಾನೇ ರಿಪೇರಿ ಮಾಡಿಕೊಳ್ಳಬೇಕು, ಜೀವಿಗಳ ಹಾಗೆ ಬದುಕಬೇಕು. ಸೆಮಿನಾರುಗಳಲ್ಲಿ ಇರುವೆ, ಜೇನು, ನರವ್ಯೂಹಗಳ ಬಣ್ಣದ ಚಿತ್ರಗಳು ಪರದೆಯ ಮೇಲೆ ಹರಿಯುತ್ತವೆ. ಅಪ್ಪನ ಬಾವಿಯ ಪೆಟ್ಟಿಗೆಯೂ ಅದೇ ಕುಲದ್ದು ಎಂಬುದು ಟೀಸಿ ಸುಡುವವರೆಗೆ ನನಗೆ ಹೊಳೆದಿರಲಿಲ್ಲ.

ಹಳೆಯ ಕಾಲದ ಸ್ಟಾರ್ಟರ್ ನೆನಪಿದ್ದವರಿಗೆ ಗೊತ್ತು: ಹಸಿರು ಗುಂಡಿ ಒತ್ತಿದರೆ ಶುರು, ಕೆಂಪು ಒತ್ತಿದರೆ ಬಂದ್. ಅದರೊಳಗೆ ನೋ ವೋಲ್ಟ್ ಕಾಯಿಲ್ ಎಂಬುದೊಂದಿತ್ತು. ಕರೆಂಟು ಹೋದರೆ ಅದು ಕೈಬಿಡುತ್ತಿತ್ತು, ಕರೆಂಟು ಮರಳಿದರೂ ತಾನಾಗಿ ಹಿಡಿಯುತ್ತಿರಲಿಲ್ಲ. ಇದು ದೋಷವಲ್ಲ, ಬೇಕೆಂದೇ ಇಟ್ಟ ಕಟ್ಟುಪಾಡು. ಮನುಷ್ಯ ಬಂದು, ನೋಡಿ, ಗುಂಡಿ ಒತ್ತಲಿ ಎಂದು. ಆದರೆ ಸರ್ಕಾರ ಪಂಪ್‌ಸೆಟ್‌ಗೆ ಕೊಡುವುದು ದಿನಕ್ಕೆ ಏಳು ತಾಸು ತ್ರೀ ಫೇಸ್, ಅದೂ ಪಾಳಿಯ ಮೇಲೆ. ಅಪರಾತ್ರಿಯಲ್ಲಿ ಕರೆಂಟು ಬಂದರೆ ಹಾವು ಚೇಳು ತುಳಿದುಕೊಂಡು ಬಾವಿಗೆ ಹೋಗುವವರು ಯಾರು? ಆಟೋ ಸ್ಟಾರ್ಟರ್ ಬಂದದ್ದು ಹಾಗೆ. ಮೂರೂ ಫೇಸು ಇದೆಯೇ ಎಂದು ನೋಡುತ್ತದೆ, ಕೆಲವು ಸೆಕೆಂಡು ಕಾಯುತ್ತದೆ, ಮೋಟಾರು ಎಬ್ಬಿಸುತ್ತದೆ. ಒಂದು ಫೇಸು ಹೋದರೆ ನಿಲ್ಲಿಸುತ್ತದೆ. ಸ್ವಲ್ಪ ದುಬಾರಿಯದಾದರೆ ಬಾವಿ ಬರಿದಾದದ್ದನ್ನೂ ಗುರುತಿಸಿ ನಿಲ್ಲಿಸುತ್ತದೆ. ಅಪ್ಪನಂಥವರ ಬೆನ್ನು, ಕಣ್ಣು, ನಿದ್ದೆ ಉಳಿಸಿದ ಪೆಟ್ಟಿಗೆ. ಅದನ್ನು ಹೀಗಳೆಯುವ ಮನಸ್ಸು ನನಗಿಲ್ಲ.

ಈಗ ಲೆಕ್ಕ. 5 ಎಚ್.ಪಿ. ಮೋಟಾರು ಓಡುವಾಗ ಎಳೆಯುವುದು ಸುಮಾರು 7.5 ಆಂಪಿಯರ್. ನಿಂತಲ್ಲಿಂದ ಏಳುವ ಹೊತ್ತಿಗೆ ಅದರ ಆರು ಪಟ್ಟು ಎಂದಿಟ್ಟುಕೊಳ್ಳಿ, 45. ಒಂದು 63 ಕೆವಿಎ ಟೀಸಿ ಫೇಸಿಗೆ 84 ಆಂಪಿಯರ್ ಕೊಡುತ್ತ ನೆಮ್ಮದಿಯಾಗಿರಬಲ್ಲದು. ಹತ್ತು ಪಂಪು ಓಡುತ್ತಿದ್ದರೆ 75, ಸರಿಹೋಯಿತು. ಹತ್ತೂ ಒಂದೇ ಕ್ಷಣ ಏಳಹೊರಟರೆ 450. ಅಷ್ಟು ಎಳೆದಾಗ ವೋಲ್ಟೇಜು ಕುಸಿಯುತ್ತದೆ, ಕುಸಿದ ವೋಲ್ಟೇಜಿನಲ್ಲಿ ಮೋಟಾರಿನ ತಿರುಗುಬಲ ವರ್ಗದ ಲೆಕ್ಕದಲ್ಲಿ ಕುಸಿಯುತ್ತದೆ. ವೋಲ್ಟೇಜು ನೂರಕ್ಕೆ 70 ಆದರೆ ಬಲ ನೂರಕ್ಕೆ 49 ಮಾತ್ರ. ಅರ್ಧ ಬಲದ ಮೋಟಾರು ವೇಗ ಹಿಡಿಯಲಾರದು. ವೇಗ ಹಿಡಿಯುವ ತನಕ ಎಳೆತ ಇಳಿಯದು. ಎಳೆತ ಇಳಿಯದೆ ವೋಲ್ಟೇಜು ಏರದು. ಹತ್ತು ಜನ ಒಂದೇ ಬಾಗಿಲಲ್ಲಿ ಸಿಕ್ಕಿಕೊಂಡಂತೆ. ಒಬ್ಬೊಬ್ಬರಾಗಿ ಹೋಗಿದ್ದರೆ ಅದೇ ಬಾಗಿಲು ಧಾರಾಳವಾಗಿತ್ತು.

ಇಲ್ಲಿ ಕೆಟ್ಟ ಪೆಟ್ಟಿಗೆ ಯಾವುದು? ಯಾವುದೂ ಅಲ್ಲ. ಹತ್ತೂ ತಮ್ಮ ಕೆಲಸವನ್ನು ತಪ್ಪಿಲ್ಲದೆ ಮಾಡಿದವು, ಒಂದೇ ಸೆಕೆಂಡಿನಲ್ಲಿ ಮಾಡಿದವು. ಊರಿನ ಬಹುಪಾಲು ಪೆಟ್ಟಿಗೆಗಳು ಒಂದೇ ಅಂಗಡಿಯಿಂದ ಬಂದವು, ಒಂದೇ ಮಾದರಿಯವು. ಕಾಯುವ ಸಮಯ ತಿದ್ದಲು ಒಳಗೆ ತಿರುಪಿದೆ. ಅದನ್ನು ಯಾರೂ ಮುಟ್ಟಿಲ್ಲ, ಕಾರ್ಖಾನೆ ಇಟ್ಟ ಹತ್ತು ಸೆಕೆಂಡೇ ಎಲ್ಲರದೂ.

ಸ್ವಯಂ ನಿರ್ವಹಣೆಯ ಕನಸು ಹೊಸದಲ್ಲ. ಮೈಯ ಬಿಸಿ, ರಕ್ತದ ಸಕ್ಕರೆ, ಉಪ್ಪು ಇವೆಲ್ಲ ಹೊರಗೆ ಏನೇ ಆದರೂ ಒಂದು ಅಂಕೆಯೊಳಗೆ ನಿಲ್ಲುವುದಕ್ಕೆ ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1926ರಲ್ಲಿ ‘ಹೋಮಿಯೋಸ್ಟಾಸಿಸ್’ ಎಂಬ ಹೆಸರು ಕೊಟ್ಟ. 1940ರ ದಶಕದ ಕೊನೆಗೆ ಬ್ರಿಟನ್ನಿನ ಗ್ರೇ ವಾಲ್ಟರ್ ಎಲ್ಮರ್, ಎಲ್ಸೀ ಎಂಬ ಎರಡು ಯಂತ್ರದ ಆಮೆಗಳನ್ನು ಮಾಡಿದ. ಬೆಳಕು ಹುಡುಕಿಕೊಂಡು ತಿರುಗಾಡುತ್ತಿದ್ದವು, ಬ್ಯಾಟರಿ ಇಳಿದರೆ ಗೂಡಿಗೆ ಮರಳುತ್ತಿದ್ದವು. 2001ರಲ್ಲಿ ಐಬಿಎಂ ಕಂಪನಿಯ ಸಂಶೋಧನಾ ವಿಭಾಗದ ಮುಖ್ಯಸ್ಥ ಪಾಲ್ ಹಾರ್ನ್ ಈ ಮಾತನ್ನು ಕಂಪ್ಯೂಟರ್ ಜಗತ್ತಿಗೆ ತಂದ. ಸರ್ವರುಗಳು ಎಷ್ಟು ಜಟಿಲವಾಗುತ್ತಿವೆ ಎಂದರೆ ಅವನ್ನು ಸಂಭಾಳಿಸಲು ಇನ್ನು ಮುಂದೆ ಜನ ಸಾಲುವುದಿಲ್ಲ. ಉಸಿರಾಟ, ಎದೆಬಡಿತಗಳನ್ನು ನಾವು ನೆನೆಯದೆಯೇ ನಡೆಸಿಕೊಂಡು ಹೋಗುವ ಸ್ವಾಯತ್ತ ನರವ್ಯೂಹದಂತೆ ಯಂತ್ರಗಳೂ ತಮ್ಮನ್ನು ನಡೆಸಿಕೊಳ್ಳಲಿ ಎಂಬುದು ಅವನ ವಾದ. ನಾಲ್ಕು ಗುಣಗಳನ್ನು ಪಟ್ಟಿ ಮಾಡಿದರು: ತಾನೇ ಹೊಂದಿಸಿಕೊಳ್ಳುವುದು, ತಾನೇ ವಾಸಿ ಮಾಡಿಕೊಳ್ಳುವುದು, ತಾನೇ ಚುರುಕಾಗುವುದು, ತಾನೇ ಕಾಪಾಡಿಕೊಳ್ಳುವುದು. ಅದಕ್ಕೊಂದು ಚಕ್ರವನ್ನೂ ಬರೆದರು: ಗಮನಿಸು, ಅರ್ಥಮಾಡು, ಯೋಜಿಸು, ನಡೆಸು, ಈ ನಾಲ್ಕರ ನಡುವೆ ನೆನಪು. ಇಂದಿಗೂ ನಮ್ಮ ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಪ್ರಾಜೆಕ್ಟ್ ವರದಿಯಲ್ಲಿ ಬಿಡಿಸುವುದು ಈ ಚಕ್ರವನ್ನೇ.

ಚಕ್ರ ಚೆನ್ನಾಗಿದೆ, ಆದರೆ ಅದು ಒಂದು ಮೈಯ ಚಿತ್ರ. ಅಪ್ಪನ ಪೆಟ್ಟಿಗೆ ಆ ಚಕ್ರವನ್ನು ಪೂರ್ತಿ ಸುತ್ತುತ್ತದೆ: ಫೇಸು ಗಮನಿಸುತ್ತದೆ, ಸರಿಯಿದೆ ಎಂದು ತಿಳಿಯುತ್ತದೆ, ಕಾಯುತ್ತದೆ, ಎಬ್ಬಿಸುತ್ತದೆ. ಒಂದು ಟೀಸಿಯ ಕೆಳಗೆ ಅಂಥ ಚಕ್ರಗಳು ಹತ್ತು ಇವೆ, ಒಂದಕ್ಕೆ ಇನ್ನೊಂದು ಇರುವುದೇ ಗೊತ್ತಿಲ್ಲ ಎಂಬುದು ಆ ಚಿತ್ರದಲ್ಲಿಲ್ಲ. ಹತ್ತು ಮೈಗಳು ಒಂದೇ ಅನ್ನ ಹಂಚಿಕೊಂಡು ಬದುಕುವ ಪಾಠ ಬೇಕಿದ್ದರೆ ನರವ್ಯೂಹ ಬಿಟ್ಟು ಜೇನುಗೂಡಿಗೆ ಹೋಗಬೇಕು.

ಜೇನಿನ ಮರಿ ಬೆಳೆಯುವ ಭಾಗದಲ್ಲಿ ಬಿಸಿ 32ರಿಂದ 36 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ಹೊರಗೆ ನಮ್ಮ ಬಾಗಲಕೋಟೆಯ ಏಪ್ರಿಲ್ ಬಿಸಿಲು ನಲವತ್ತು ದಾಟಿದರೂ ಒಳಗೆ ಅಷ್ಟೇ. ಬಿಸಿ ಏರಿದರೆ ಕೆಲಸದ ನೊಣಗಳು ರೆಕ್ಕೆ ಬೀಸಿ ಗಾಳಿಯಾಡಿಸುತ್ತವೆ, ಇಳಿದರೆ ಒತ್ತೊತ್ತಾಗಿ ಕೂತು ಮೈ ನಡುಗಿಸಿ ಕಾಯಿಸುತ್ತವೆ. ಆಜ್ಞೆ ಕೊಡುವವರಿಲ್ಲ, ರಾಣಿಗೆ ಮೊಟ್ಟೆ ಇಡುವುದೊಂದೇ ಕೆಲಸ. ಹಾಗಾದರೆ 35 ಡಿಗ್ರಿ ದಾಟಿದ ಕೂಡಲೇ ಸಾವಿರಾರು ನೊಣ ಒಟ್ಟಿಗೆ ಬೀಸಲು ಶುರುಮಾಡಿದರೆ? ಗೂಡು ತಣ್ಣಗಾಗಿಬಿಡುತ್ತದೆ, ಎಲ್ಲವೂ ಒಟ್ಟಿಗೆ ನಿಲ್ಲಿಸುತ್ತವೆ, ಮತ್ತೆ ಕಾಯುತ್ತದೆ, ಮತ್ತೆ ಎಲ್ಲವೂ ಬೀಸುತ್ತವೆ. ಉಯ್ಯಾಲೆ. ಹಾಗಾಗುವುದಿಲ್ಲ. ಏಕೆಂದರೆ ಎಲ್ಲ ನೊಣಗಳಿಗೂ ಒಂದೇ ಡಿಗ್ರಿಗೆ ಸೆಕೆಯಾಗುವುದಿಲ್ಲ. ರಾಣಿ ಹತ್ತಾರು ಗಂಡುಗಳೊಡನೆ ಕೂಡಿ ಸಂಸಾರ ಹೂಡಿರುತ್ತಾಳೆ. ಒಬ್ಬ ತಂದೆಯ ಮಕ್ಕಳು ಬೇಗ ಬೀಸಲು ತೊಡಗುತ್ತವೆ, ಇನ್ನೊಬ್ಬನವು ತಡೆದುಕೊಳ್ಳುತ್ತವೆ. ಸೆಕೆ ಏರಿದಂತೆ ಬೀಸುವವರ ಸಂಖ್ಯೆ ಮೆಲ್ಲಗೆ ಏರುತ್ತದೆ, ಇಳಿದಂತೆ ಮೆಲ್ಲಗೆ ಇಳಿಯುತ್ತದೆ.

2004ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಇದನ್ನು ಪರೀಕ್ಷಿಸಿದರು. ಒಂದಷ್ಟು ಗೂಡುಗಳ ರಾಣಿಗಳಿಗೆ ಒಂದೇ ಗಂಡಿನ ವೀರ್ಯ ಕೊಟ್ಟು ಒಂದೇ ತಂದೆಯ ಸಂಸಾರಗಳನ್ನು ಮಾಡಿ, ಸಹಜವಾಗಿ ಕೂಡಿದ ರಾಣಿಗಳ ಗೂಡುಗಳೊಡನೆ ಹೋಲಿಸಿದರು. ಒಂದೇ ತಂದೆಯ ಗೂಡುಗಳಲ್ಲಿ ಬಿಸಿ ಹೆಚ್ಚು ಏರಿಳಿಯಿತು, ಹಲವು ತಂದೆಯರದ್ದು ಸ್ಥಿರವಾಗಿ ನಿಂತಿತು. ಇದನ್ನು ಓದಿದ ದಿನ ನನಗೆ ನಮ್ಮ ಟೀಸಿ ಕಣ್ಮುಂದೆ ಬಂತು. ಹತ್ತು ಪೆಟ್ಟಿಗೆ, ಒಬ್ಬನೇ ಅಪ್ಪ.

ಮರುಳಾಗುವುದಕ್ಕೆ ನಾವು ಹಳ್ಳಿಯವರೇ ಆಗಬೇಕಿಲ್ಲ. ಜರ್ಮನಿಯಲ್ಲಿ ಮನೆಮನೆಯ ಮೇಲೆ ಸೌರ ಫಲಕ ಕೂರಿಸುವಾಗ ಒಂದು ನಿಯಮವಿತ್ತು: ಗ್ರಿಡ್ಡಿನ ಆವರ್ತನ (ಕರೆಂಟಿನ ಅಲೆ ಸೆಕೆಂಡಿಗೆ ಎಷ್ಟು ಸಲ ಬರುತ್ತದೆ ಎಂಬ ಲೆಕ್ಕ, ಸಹಜವಾಗಿ 50) 50.2 ಹರ್ಟ್ಸ್ ಮುಟ್ಟಿದರೆ ಫಲಕವನ್ನು ಗ್ರಿಡ್ಡಿಗೆ ಜೋಡಿಸುವ ಇನ್ವರ್ಟರ್ ತಾನಾಗಿ ಕಳಚಿಕೊಳ್ಳಬೇಕು. ಫಲಕಗಳು ಸಾವಿರದ ಲೆಕ್ಕದಲ್ಲಿದ್ದಾಗ ಅದು ಒಳ್ಳೆಯ ಶಿಸ್ತು. ಲಕ್ಷದ ಲೆಕ್ಕಕ್ಕೆ ಏರಿದ ಮೇಲೆ ಅದೇ ಶಿಸ್ತು ಗಂಡಾಂತರವಾಯಿತು: ಬಿಸಿಲಿನ ಮಧ್ಯಾಹ್ನ ಆವರ್ತನ ಆ ಗೆರೆ ಮುಟ್ಟಿದರೆ ದೇಶದ ಸೌರ ವಿದ್ಯುತ್ತಿನ ದೊಡ್ಡ ಪಾಲು ಒಂದೇ ಕ್ಷಣದಲ್ಲಿ ಮಾಯವಾಗುತ್ತದೆ. 2012ರಲ್ಲಿ ಕಾನೂನು ತಂದು, ಲಕ್ಷಾಂತರ ಇನ್ವರ್ಟರುಗಳಿಗೆ ಬೇರೆ ಬೇರೆ ಗೆರೆ ಹಂಚಿ, ಹೊಸವು ಒಮ್ಮೆಗೇ ಕಳಚದೆ ಹಂತಹಂತವಾಗಿ ಇಳಿಯುವಂತೆ ಮಾಡಬೇಕಾಯಿತು. ಜೇನುನೊಣಕ್ಕೆ ಹುಟ್ಟಿನಲ್ಲೇ ಬಂದದ್ದು ಇಂಜಿನಿಯರಿಗೆ ತಿದ್ದುಪಡಿಯಾಗಿ ಬಂತು. ನಮ್ಮ ಕಡೆ ಈಗ ಕುಸುಮ್ ಯೋಜನೆಯಲ್ಲಿ ಪಂಪ್‌ಸೆಟ್ ಫೀಡರ್‌ಗಳನ್ನೇ ಸೌರ ಘಟಕಕ್ಕೆ ಜೋಡಿಸಿ ಹಗಲು ಕರೆಂಟು ಕೊಡುವ ಕೆಲಸ ನಡೆದಿದೆ. ರಾತ್ರಿಯ ಹಾವು ಚೇಳು ತಪ್ಪುತ್ತದೆ, ನಿಜ. ಪೆಟ್ಟಿಗೆಗಳ ಹತ್ತು ಸೆಕೆಂಡು ಹಾಗೇ ಉಳಿಯುತ್ತದೆ.

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ತಂತ್ರಾಂಶದ ಒಂದು ತಪ್ಪು ಅಪ್‌ಡೇಟು ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳನ್ನು ಮಲಗಿಸಿತಲ್ಲ, ಅದೂ ಇದೇ ಕಥೆ. ಕಾಪಾಡಬೇಕಾದ ಭಾಗವೇ ಮೈ ಮೇಲೆ ತಿರುಗಿಬಿದ್ದದ್ದು ಒಂದು ಭಾಗ. ಎಲ್ಲ ಮೈಗಳಿಗೂ ಅದೇ ಮದ್ದು ಒಟ್ಟಿಗೇ ಹೋದದ್ದು ಇನ್ನೊಂದು. ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟ ದಿನ ಅದು.

ಬೇರೆ ಬೇರೆ ಹೊಸ್ತಿಲು ಒಂದು ದಾರಿ. ಇನ್ನೊಂದು ದಾರಿ ಹೊಸ್ತಿಲನ್ನೇ ತೆಗೆದು ಇಳಿಜಾರು ಮಾಡುವುದು. ಇದನ್ನು ನನಗೆ ಅರ್ಥ ಮಾಡಿಸಿದ್ದು ಪುಸ್ತಕವಲ್ಲ, ಜಮಖಂಡಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಟರ್ಬೈನ್ ಆಪರೇಟರ್. ಕಬ್ಬು ನುರಿಸುವ ಹಂಗಾಮಿನಲ್ಲಿ ಸಿಪ್ಪೆ ಸುಟ್ಟು ಉಗಿ, ಉಗಿಯಿಂದ ಕರೆಂಟು; ಕೋಜನ್ ಎನ್ನುತ್ತಾರೆ. ಗ್ರಿಡ್ಡಿನಿಂದ ಕಳಚಿ ಎರಡು ಟರ್ಬೈನುಗಳು ಕಾರ್ಖಾನೆಯನ್ನು ತಾವೇ ಹೊರಬೇಕಾದಾಗ ಎರಡಕ್ಕೂ ‘ಏನಾದರೂ ಆಗಲಿ, 50 ಹರ್ಟ್ಸ್ ಬಿಡಬೇಡ’ ಎಂದು ಹೇಳಿದರೆ ಏನಾಗುತ್ತದೆ ಎಂದು ಕೇಳಿದ್ದೆ. ‘ಇಬ್ಬರೂ ಯಜಮಾನ್ರಾದ್ರ ಮನಿ ನಡಿಯೂದಿಲ್ರಿ’ ಎಂದು ನಕ್ಕ. ಒಂದು 49.99 ಎಂದು ಓದುತ್ತದೆ, ಇನ್ನೊಂದು 50.01 ಎಂದು. ಒಂದು ಉಗಿ ತೆರೆಯುತ್ತದೆ, ಇನ್ನೊಂದು ಮುಚ್ಚುತ್ತದೆ, ಕೊನೆಗೆ ಒಂದು ಪೂರ್ತಿ ಹೊರೆ ಹೊತ್ತು ಇನ್ನೊಂದು ಬರಿದೇ ಸುತ್ತುತ್ತದೆ. ಮದ್ದು ‘ಡ್ರೂಪ್’: ಹೊರೆ ಏರಿದಂತೆ ವೇಗ ಸ್ವಲ್ಪ ತಗ್ಗಲು ಬಿಡು, ಹಟ ಹಿಡಿಯಬೇಡ. ಆ ಸಣ್ಣ ತಗ್ಗುವಿಕೆಯೇ ಸುದ್ದಿಯಾಗಿ ಎಲ್ಲ ಯಂತ್ರಗಳಿಗೂ ತಲುಪುತ್ತದೆ. ಫೋನು ಬೇಡ, ಇಂಟರ್‌ನೆಟ್ ಬೇಡ.

ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ ಎನ್‌ಟಿಪಿಸಿಯ ಮೂರು ಘಟಕಗಳಿವೆ, ಒಂದೊಂದೂ 800 ಮೆಗಾವ್ಯಾಟ್. ನೂರಕ್ಕೆ 5 ಡ್ರೂಪ್ ಎಂದರೆ ಆವರ್ತನ 2.5 ಹರ್ಟ್ಸ್ ಬಿದ್ದರೆ ಯಂತ್ರ ಸೊನ್ನೆಯಿಂದ ಪೂರ್ಣಕ್ಕೆ ಹೋಗಬೇಕು. 0.1 ಹರ್ಟ್ಸ್ ಬಿದ್ದರೆ ನೂರಕ್ಕೆ 4, ಅಂದರೆ ಅಂಥ ಒಂದು ಘಟಕ 32 ಮೆಗಾವ್ಯಾಟ್ ಹೆಚ್ಚು ಕೊಡಬೇಕು. ಎಲ್ಲೋ ಪಂಜಾಬಿನಲ್ಲಿ ಒಂದು ಘಟಕ ಕಳಚಿಕೊಂಡರೆ ಅದರ ಭಾರವನ್ನು ಇಲ್ಲಿನ ಯಂತ್ರವೂ ತನ್ನ ದಪ್ಪಕ್ಕೆ ತಕ್ಕಷ್ಟು ಹೊರುತ್ತದೆ, ಯಾರೂ ಹೇಳದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನು ಚಾಲೂ ಆಗಿ ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್ಡಿನ ತಾಳಕ್ಕೆ ಸೇರಿದ ಮೇಲೆ ಇದು ಸಾಧ್ಯವಾಯಿತು. ಅದಕ್ಕೂ ಮೊದಲು, 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಾದಾಗ, ಎರಡನೆಯ ದಿನ ಪೂರ್ವ, ಈಶಾನ್ಯವೂ ಸೇರಿ 60 ಕೋಟಿಗೂ ಹೆಚ್ಚು ಜನರ ಕರೆಂಟು ಹೋದಾಗ, ನಾವು ಬಚಾವಾದದ್ದು ಆ ತಾಳಕ್ಕೆ ಸೇರಿರಲಿಲ್ಲ ಎಂಬ ಕಾರಣಕ್ಕೆ. ಕೂಡಿದರೆ ಬಲ, ಕೂಡಿದರೆ ಅಪಾಯ, ಎರಡೂ ಒಂದೇ ತಂತಿಯಲ್ಲಿ ಹರಿಯುತ್ತವೆ.

ಜೀವಿಗಳನ್ನು ಗುರುವಾಗಿಸಿಕೊಂಡವರು ಅವುಗಳ ಪೆದ್ದುತನವನ್ನೂ ಓದಿಕೊಳ್ಳಬೇಕು. ಸೆಮಿನಾರಿನ ಇರುವೆ ಯಾವಾಗಲೂ ಹತ್ತಿರದ ದಾರಿ ಹುಡುಕುತ್ತದೆ. ವಾಸನೆಯ ಜಾಡು ಬಿಡುತ್ತ ಹೋಗುವ ಅದರ ಉಪಾಯವನ್ನು ಇಟಲಿಯ ಮಾರ್ಕೊ ಡೋರಿಗೋ 1992ರ ತನ್ನ ಪಿಎಚ್‌ಡಿಯಲ್ಲಿ ಕಂಪ್ಯೂಟರಿಗೆ ಕಲಿಸಿದ. ಅದು ಲಾರಿಗಳ ದಾರಿ, ನೆಟ್‌ವರ್ಕಿನ ದಾರಿಗಳನ್ನೆಲ್ಲ ಹುಡುಕಿಕೊಟ್ಟಿದೆ. ಆದರೆ ಆ ಕಥೆಯ ಮೂಲದಲ್ಲಿರುವ ಪ್ರಯೋಗದಲ್ಲಿ ಇನ್ನೊಂದು ಸಂಗತಿಯಿದೆ. ಗೂಡಿನಿಂದ ಆಹಾರಕ್ಕೆ ಹೋಗಲು ಮೊದಲು ಉದ್ದದ ಸೇತುವೆಯೊಂದನ್ನೇ ಕೊಟ್ಟು, ಜಾಡು ಗಟ್ಟಿಯಾದ ಮೇಲೆ ಚಿಕ್ಕದನ್ನು ಇಟ್ಟರೆ ಇರುವೆಗಳು ಉದ್ದದ್ದರಲ್ಲೇ ಓಡಾಡುತ್ತಿದ್ದವು. ಹಳೆಯ ವಾಸನೆ ಬಿಡಲಿಲ್ಲ. ದಂಡಿರುವೆಗಳಂತೂ ದಾರಿ ತಪ್ಪಿ ಒಂದರ ಹಿಂದೊಂದು ವೃತ್ತ ಹಿಡಿದರೆ ಸಾಯುವ ತನಕ ಸುತ್ತುವುದುಂಟು. ಪ್ರತಿಯೊಂದು ಇರುವೆಯೂ ನಿಯಮ ಪಾಲಿಸುತ್ತಲೇ ಇರುತ್ತದೆ. ಅದಕ್ಕೇ ಡೋರಿಗೋನ ಲೆಕ್ಕದಲ್ಲಿ ಜಾಡು ಆರಿಹೋಗಲು ಬೇರೆಯೇ ಅಂಕಿ ಇಡುತ್ತಾರೆ, ಜೊತೆಗೆ ಒಂದಿಷ್ಟು ಇರುವೆಗಳು ಸುಮ್ಮನೆ ಅಡ್ಡಾಡಲಿ ಎಂದು ಬಿಡುತ್ತಾರೆ. ಊರಲ್ಲಿ ಉಡಾಳರು ಅನ್ನುತ್ತೇವಲ್ಲ, ಅಂಥವು.

ಉಡಾಳತನದ ಉಪಯೋಗ ಇಂಜಿನಿಯರಿಂಗಿಗೆ ಬೇರೆ ಕಡೆಯಿಂದಲೂ ಗೊತ್ತಿತ್ತು. ಒಂದೇ ಕೇಬಲ್ಲಿನಲ್ಲಿ ಹಲವು ಕಂಪ್ಯೂಟರ್ ಮಾತಾಡುವ ಈಥರ್‌ನೆಟ್ಟನ್ನು 1970ರ ದಶಕದಲ್ಲಿ ರೂಪಿಸಿದಾಗ, ಇಬ್ಬರು ಒಟ್ಟಿಗೆ ಬಾಯಿ ತೆಗೆದರೆ ಇಬ್ಬರೂ ಸುಮ್ಮನಾಗಿ, ತಲಾ ಒಂದು ದಾಳ ಹಾಕಿದಂತೆ ಏನೋ ಒಂದಷ್ಟು ಹೊತ್ತು ಕಾದು ಮತ್ತೆ ಮಾತಾಡಬೇಕೆಂದು ಮಾಡಿದರು. ಮತ್ತೆ ಡಿಕ್ಕಿಯಾದರೆ ಕಾಯುವ ಹರವು ಇಮ್ಮಡಿ. ಆಟೋ ಸ್ಟಾರ್ಟರಿನಲ್ಲಿ ಇದನ್ನು ಮಾಡಲು ಬೇಕಿರುವುದು ಒಳಗಿನ ಚಿಪ್ಪಿನಲ್ಲಿ ಎರಡು ಸಾಲು ಪ್ರೋಗ್ರಾಂ. ಸೊನ್ನೆಯಿಂದ ಐದು ನಿಮಿಷದ ನಡುವೆ ಎಲ್ಲಾದರೂ ಒಂದು ಕಡೆ ಎದ್ದೇಳು. ಇನ್ನೂ ಎರಡು ಸಾಲು ಸೇರಿಸಿದರೆ, ಏಳುವ ಮುಂಚೆ ವೋಲ್ಟೇಜು ನೋಡು, ಕುಗ್ಗಿದ್ದರೆ ಯಾರೋ ಏಳುತ್ತಿದ್ದಾರೆ ಎಂದು ತಿಳಿದು ಕಾಯಿ. ಟೀಸಿಯ ತಂತಿಯೇ ಇರುವೆಯ ಜಾಡು, ಓದುವ ಮೂಗು ಬೇಕಷ್ಟೆ. ಬರಿದೇ ‘ಕರೆಂಟು ಬಂತೇ?’ ಎಂದು ಕೇಳುವ ಪೆಟ್ಟಿಗೆಗೆ ‘ಎಷ್ಟು ಉಳಿದಿದೆ?’ ಎಂದು ಕೇಳಲು ಕಲಿಸಿದಂತೆ.

ಇಷ್ಟು ಸುಲಭವಿದ್ದರೆ ಯಾಕಾಗಿಲ್ಲ? ಇಲ್ಲಿ ಜೇನಿನ ಪಾಠ ನಿಲ್ಲುತ್ತದೆ ಎಂದು ನನ್ನ ಅಭಿಪ್ರಾಯ. ಗೂಡಿನ ನೊಣಗಳು ಒಂದೇ ತಾಯಿಯ ಮಕ್ಕಳು. ಗೂಡು ಸತ್ತರೆ ಎಲ್ಲವೂ ಸತ್ತವು, ತಾನು ಮೊದಲು ಬೀಸಿದೆ ಎಂದು ಯಾವುದೂ ಲೆಕ್ಕ ಇಡುವುದಿಲ್ಲ. ಟೀಸಿಯ ಕೆಳಗಿನ ಹತ್ತು ಜನ ಹತ್ತು ಮನೆಯವರು. ಐದು ನಿಮಿಷ ತಡೆಯುವ ಪೆಟ್ಟಿಗೆಯನ್ನು ಕಾಸು ಕೊಟ್ಟು ಯಾರು ಕೊಳ್ಳುತ್ತಾರೆ, ಪಕ್ಕದವನದು ಕೂಡಲೇ ಏಳುತ್ತಿರುವಾಗ? ಅಂಗಡಿಯವನು ಮಾರುವುದೂ ‘ಲಗೂನ ಹತ್ತತೈತಿ ನೋಡ್ರಿ’ ಎಂದೇ. ಹತ್ತು ಎಚ್.ಪಿ.ವರೆಗಿನ ಪಂಪಿಗೆ ಕರೆಂಟು ಪುಕ್ಕಟೆ, ಸುಟ್ಟ ಟೀಸಿ ಯಾರೊಬ್ಬನದೂ ಅಲ್ಲ. ಜೀವಶಾಸ್ತ್ರದಿಂದ ತಂದ ಉಪಾಯಗಳೆಲ್ಲ ಒಂದು ಮೈ ಅಥವಾ ಒಂದು ಮನೆತನದೊಳಗಿನವು, ನಮ್ಮ ಯಂತ್ರಗಳೋ ಬೇರೆ ಬೇರೆ ಯಜಮಾನರವು. ಚೌಕಾಶಿಯನ್ನು ನರವ್ಯೂಹ ಕಲಿಸುವುದಿಲ್ಲ.

ಕಾಲುವೆಯಲ್ಲೂ ಅಷ್ಟೇ. ಆಲಮಟ್ಟಿಯ ಕೆಳಗೆ ನಾರಾಯಣಪುರದಿಂದ ಹೊರಡುವ ಎಡದಂಡೆ ಕಾಲುವೆಯ ಆಧುನೀಕರಣವನ್ನು 2023ರ ಜನವರಿ 19ರಂದು ಪ್ರಧಾನಿ ಉದ್ಘಾಟಿಸಿದರು. 10 ಸಾವಿರ ಕ್ಯೂಸೆಕ್ಸ್ ಹರಿಯಬಲ್ಲ ಕಾಲುವೆ, ನಾಲ್ಕೂವರೆ ಲಕ್ಷ ಹೆಕ್ಟೇರ್ ಅಚ್ಚುಕಟ್ಟು, ಈಗ ಅದರ ಗೇಟುಗಳನ್ನು ಸ್ಕಾಡಾ ಎಂಬ ದೂರನಿಯಂತ್ರಣ ವ್ಯವಸ್ಥೆ ನೋಡಿಕೊಳ್ಳುತ್ತದೆ. ಪ್ರತಿ ಗೇಟೂ ತನ್ನ ಮುಂದಿನ ನೀರಿನ ಮಟ್ಟವಷ್ಟನ್ನೇ ನೋಡಿ ಏರಿಳಿದರೆ ಮೇಲಿನ ಸಣ್ಣ ಅಲೆ ಕೆಳಗೆ ಹೋದಂತೆ ದೊಡ್ಡದಾಗುತ್ತದೆ, ಏಕೆಂದರೆ ನೀರು ತಲುಪಲು ತಾಸುಗಟ್ಟಲೆ ಬೇಕು, ಅಷ್ಟರಲ್ಲಿ ಗೇಟು ತಾಳ್ಮೆಗೆಟ್ಟು ಇನ್ನಷ್ಟು ತೆರೆದಿರುತ್ತದೆ. ಅದಕ್ಕೆ ಗೇಟುಗಳು ನೆರೆಯ ಗೇಟಿಗೆ ಮೊದಲೇ ಸುದ್ದಿ ಕಳಿಸಬೇಕು. ಈ ಗಣಿತ ಗೊತ್ತಿರುವಂಥದ್ದು, ಯಂತ್ರ ಮಾಡಬಲ್ಲದು. ತಲೆಯ ಹೊಲದವನು ಮೆಣಸಿನಕಾಯಿ ಬಿಟ್ಟು ಭತ್ತ ಹಾಕಿದರೆ, ಬಾಲದ ಹೊಲದವನಿಗೆ ನೀರು ಎಷ್ಟು ಎಂಬುದನ್ನು ಯಾವ ಗೇಟೂ ನಿರ್ಧರಿಸಲಾರದು. ಆಲಮಟ್ಟಿಯ ಮಟ್ಟ 519.60 ಮೀಟರಿಗೆ ನಿಲ್ಲಬೇಕೋ, 2010ರ ಕೃಷ್ಣಾ ನ್ಯಾಯಮಂಡಳಿ ತೀರ್ಪು ಹೇಳಿದ 524.256ಕ್ಕೆ ಏರಬೇಕೋ ಎಂಬುದನ್ನು 26 ಗೇಟುಗಳಿಗೆ ಎಷ್ಟೇ ಬುದ್ಧಿ ಕೊಟ್ಟರೂ ಅವುಗಳಿಂದ ಹೇಳಿಸಲಾಗದು. ಮೈಯ ಬಿಸಿಗೆ 37 ಡಿಗ್ರಿ ಎಂದು ಯಾರೂ ಮತ ಹಾಕಿ ಗೊತ್ತುಮಾಡಿಲ್ಲ. ಅಣೆಕಟ್ಟಿನ ಮಟ್ಟಕ್ಕೆ ಆ ಸುಖವಿಲ್ಲ. ಮುಳುಗುವ ಹಳ್ಳಿಗಳು ಆ ಐದು ಮೀಟರಿನೊಳಗಿವೆ. ಹಳೇ ಬಾಗಲಕೋಟೆಯವರನ್ನು ಕೇಳಿ ನೋಡಿ.

ಈ ನಡುವೆ ಏನೋ ಕೆಲಸಕ್ಕೆ ವಿಜಯಪುರಕ್ಕೆ ಹೋದಾಗ ಆದಿಲ್‌ಶಾಹಿ ಕಾಲದ ಗಂಜ್‌ಗಳನ್ನು ನೋಡುತ್ತ ನಿಂತೆ. ಗೋಳಗುಮ್ಮಟ ನೋಡಲು ಬಂದವರು ಸಾಮಾನ್ಯವಾಗಿ ಇವುಗಳ ಕಡೆ ತಿರುಗುವುದಿಲ್ಲ, ಊರಿನ ನಡುವೆ ಅಲ್ಲಲ್ಲಿ ನಿಂತ ಚೌಕದ ಕಲ್ಲುಗೋಪುರಗಳು. ತೊರವಿಯ ಸುರಂಗದಿಂದ, 1651ರ ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ಊರಿಗೆ ನೀರು ಬರುತ್ತಿತ್ತು. ತಗ್ಗಿಗೆ ಇಳಿದು ಬರುವ ನೀರಿನ ಒತ್ತಡಕ್ಕೆ ಮಣ್ಣಿನ ಕೊಳವೆ ಒಡೆದುಹೋಗಬೇಕು. ಅದಕ್ಕೆ ದಾರಿಯುದ್ದಕ್ಕೂ ಗಂಜ್. ನೀರು ಗೋಪುರದೊಳಗೆ ಮೇಲೇರಿ ಒತ್ತಡ ಕಳೆದುಕೊಳ್ಳುತ್ತದೆ, ಹೂಳು ತಳಕ್ಕೆ ಕೂರುತ್ತದೆ, ತಿಳಿನೀರು ಮುಂದಿನ ಕೊಳವೆಗೆ. ಸೆನ್ಸರ್ ಇಲ್ಲ, ಚಕ್ರ ಇಲ್ಲ, ನೆನಪಿಲ್ಲ. ಒತ್ತಡ ಹೆಚ್ಚಾದರೆ ನೀರು ಒಂದು ಮೊಳ ಮೇಲೇರುತ್ತದೆ, ಅಷ್ಟೇ. ನಾವು ಬುದ್ಧಿ ತುಂಬಲು ಹೊರಟ ಎಷ್ಟೋ ಕಡೆ ಇಂಥದೊಂದು ಜಾಗ ಬಿಟ್ಟಿದ್ದರೆ ಸಾಕಿತ್ತೇನೋ ಎಂದುಕೊಂಡೆ. ಕಾವಲಿಗಿದ್ದವನು ಫೋಟೊ ಹೊಡೆಯುವುದಿದ್ದರೆ ಲಗೂನ ಹೊಡೀರಿ ಎಂದ.

ಊರಿಗೆ ಹೋದ ಒಂದು ಭಾನುವಾರ ಸ್ಕ್ರೂಡ್ರೈವರ್ ಹಿಡಿದು ಟೀಸಿಯ ಕೆಳಗಿನ ಹತ್ತೂ ಬಾವಿ ಸುತ್ತಿದೆ. ಪ್ರೋಗ್ರಾಂ ಬರೆಯುವ ಮಾತು ದೂರ, ಇರುವ ತಿರುಪನ್ನೇ ತಿರುಗಿಸುವುದು: ಒಬ್ಬರಿಗೆ ಹತ್ತು ಸೆಕೆಂಡು, ಮುಂದಿನವರಿಗೆ ನಲವತ್ತು, ಅದರ ಮುಂದಿನವರಿಗೆ ಒಂದು ನಿಮಿಷ ಹತ್ತು. ಕೊನೆಯವರಿಗೆ ಐದು ನಿಮಿಷಕ್ಕೆ ಸ್ವಲ್ಪ ಕಡಿಮೆ. ಏಳು ಜನ ಒಪ್ಪಿದರು. ಒಬ್ಬರ ಪೆಟ್ಟಿಗೆಯೊಳಗೆ ಹಲ್ಲಿ ಸತ್ತು ತಿರುಪು ಜಾಮಾಗಿತ್ತು. ಒಬ್ಬರ ಮನೆಯಲ್ಲಿ ಗಂಡಸರಿರಲಿಲ್ಲ. ಹತ್ತನೆಯವರು, ನಮ್ಮ ಪಕ್ಕದ ಹೊಲದ ಕಾಕಾ, ಯಾರು ಮೊದಲು, ಯಾರು ಕೊನೆ ಎಂದು ನಾನು ಹೇಗೆ ಗೊತ್ತುಮಾಡಿದೆ ಎಂದು ಕೇಳಿದರು. ಟೀಸಿಗೆ ಹತ್ತಿರವಿದ್ದವರಿಂದ ಶುರುಮಾಡಿದೆ ಎಂದೆ. ‘ದೂರ ಇದ್ದಾಂವ ಯಾವಾಗ್ಲೂ ಕಡೀಕೇ ಏನೋ?’ ಎಂದರು. ಉತ್ತರ ನನ್ನ ಹತ್ತಿರ ಇರಲಿಲ್ಲ. ಅಪ್ಪ ನಮ್ಮ ಪೆಟ್ಟಿಗೆ ತೆರೆದು, ನನ್ನ ಕೈಯಿಂದ ಸ್ಕ್ರೂಡ್ರೈವರ್ ಇಸಿದುಕೊಂಡು, ತಿರುಪನ್ನು ತುದಿಯ ತನಕ ತಿರುಗಿಸಿ, ‘ಹಂಗಾರ ಕಡೀದು ನಮ್ಮದು. ಈಗ ನಿನ್ನ ಪೆಟಿಗಿ ತಗಿ’ ಎಂದು ಕಾಕಾನಿಗೆ ಹೇಳಿದರು.

ಆ ರಾತ್ರಿ ಕಟ್ಟೆಯ ಮೇಲೆ ಮಲಗಿ ಎಣಿಸಿದೆ. ಟೀಸಿ ಗುಂಯ್‌ಗುಟ್ಟಿತು. ಹತ್ತಕ್ಕೆ ಎರಡೋ ಮೂರೋ ಟಕ್. ಬಲ್ಬು ಕುಗ್ಗಿ ಎದ್ದಿತು. ಆಮೇಲೆ ಒಂದೊಂದೇ, ಬಿಡಿಬಿಡಿಯಾಗಿ, ದೂರದವೂ ಹತ್ತಿರದವೂ. ನಮ್ಮದು ಟಕ್ ಅನ್ನುವ ಹೊತ್ತಿಗೆ ಅಪ್ಪನಿಗೆ ನಿದ್ದೆ ಹತ್ತಿತ್ತು.